ರೂಟರ್ ಮೇಲಿನ ಮೂರು ಗೆರೆ

ಅಪ್ಪನ ಬಲಗೈಯ ಒಂದು ಬೆರಳು ಪೂರ್ತಿ ಚಾಚುತ್ತಿರಲಿಲ್ಲ; ಅದು ಯಾವುದೆಂದು ಆಣೆ ಮಾಡಿ ಹೇಳಲಾರೆ. ನಡುಬೆರಳು ಎಂದೇ ನನ್ನ ನೆನಪು. ಆದರೆ ಅಪ್ಪ ಹೋದ ಮೇಲೆ ನಾನೇ ನನ್ನ ನೆನಪುಗಳನ್ನು ನನಗೆ ಬೇಕಾದಂತೆ ತಿದ್ದಿಕೊಳ್ಳುತ್ತಿದ್ದೇನೇನೋ ಎಂಬ ಅನುಮಾನವಿದೆ.

ಮೊಳಕಾಲ್ಮುರಿನ ನಮ್ಮ ಮನೆಯಲ್ಲಿ ಅಪ್ಪ ರೇಷ್ಮೆ ಸೀರೆ ನೇಯುತ್ತಿದ್ದ. ಈಗ ಅದೇ ಮಗ್ಗದಲ್ಲಿ ಅಣ್ಣ ಕೂರುತ್ತಾನೆ. ಪಕ್ಕದ ಗೋಡೆಯ ಗೂಡಿನಲ್ಲಿ ವೈಫೈ ರೂಟರ್ ಇದೆ. ಅಪ್ಪ ತನ್ನ ಕೊನೆಯ ಆಯುಧಪೂಜೆಯಲ್ಲಿ ಮಗ್ಗಕ್ಕೆ, ಲಾಳಿಗೆ ವಿಭೂತಿ ಹಚ್ಚಿ, ಕೈಯಲ್ಲಿ ಉಳಿದಿದ್ದನ್ನು ರೂಟರಿಗೂ ಎಳೆದಿದ್ದ. "ಇದೂ ದುಡಿಯೋದೇ ಅಲ್ವೇನು?" ಅಂದಿದ್ದ. ಆ ಮೂರು ಗೆರೆಗಳಿಗಾಗಿ ಅವ್ವ ಅದರ ಮೇಲೆ ಬಟ್ಟೆ ಆಡಿಸಲೂ ಬಿಡುವುದಿಲ್ಲ.

ರೂಟರ್ ಮಾತ್ರ ದುಡಿಯುವುದನ್ನು ಬಿಡುತ್ತಾ ಬಂದಿತ್ತು. ಅಣ್ಣ ಸೀರೆ ವ್ಯಾಪಾರಿಗೆ ವಿಡಿಯೊ ಕಾಲ್‌ನಲ್ಲಿ ಸೆರಗಿನ ಬಣ್ಣ ತೋರಿಸುವಾಗಲೇ ನೆಟ್ ಹೋಗುತ್ತಿತ್ತು. ಹಾಗೇ ಒಂದು ಮದುವೆ ಸೀರೆಯ ಕೆಲಸ ಬೇರೆಯವರ ಪಾಲಾಯಿತು. "ಅವ್ವನ್ನ ನೀನೇ ಒಪ್ಸು" ಎಂದು ಅಣ್ಣ ಫೋನ್ ಮಾಡಿದ. ನಾನಿರುವ ಚಳ್ಳಕೆರೆಯಲ್ಲಿ ಹೊಸ ರೂಟರೊಂದನ್ನು ಕೊಂಡು ಊರಿನ ಬಸ್ ಹತ್ತಿದೆ.

"ಹಳೇದಾಗೈತವ್ವ. ಲೈಟ್ ಒಂದು ಉರೀತೈತೆ ಅಷ್ಟೆ," ಎಂದ ಅಣ್ಣ.

"ನಿನ್ ತಲೇನೂ ಬೋಳಾಗೈತೆ. ನಿನ್ನ ಬದಲಾಯಿಸಿದ್ನೇನಲೇ?"

ನಾನು ನಕ್ಕೆ. ಅವ್ವ ನಗಲಿಲ್ಲ. ನನ್ನ ಕೈಯಲ್ಲಿದ್ದ ಡಬ್ಬ ನೋಡಿ, ಗಾಬರಿಯಾದಾಗ ಬರುವ ತೆಲುಗಿನಲ್ಲಿ "ವದ್ದು, ವದ್ದು" ಎಂದು ಬೇಡವೆಂದಳು. "ಅದ್ರ ಮ್ಯಾಲೆ ನಿಮ್ಮಪ್ಪನ ಕೈ ಐತೆ."

ವೈರ್ ಸಡಿಲಾಗಿದೆಯೇನೋ ನೋಡಿ ಇಡುತ್ತೇನೆಂದು ಹೇಳಿ, ರೂಟರನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗೆರೆಗಳು ಅಚ್ಚ ಬಿಳಿ. ಮೂರೂ ನೇರ, ಮೂರೂ ಒಂದೇ ಉದ್ದ. ಅಪ್ಪ ಎಳೆದರೆ ನಡುವಿನ ಗೆರೆ ಅರ್ಧಕ್ಕೇ ನಿಲ್ಲುತ್ತಿತ್ತು. ಮಡಚಿಕೊಂಡ ಬೆರಳು ಮುಂದೆ ತಾಗುತ್ತಿರಲಿಲ್ಲ. ಅಥವಾ ಹಾಗೆಂದು ನಾನು ನಂಬಿದ್ದೇನೆ. ಬೆರಳಿನ ಮಾತು ಬಿಟ್ಟರೂ, ಸದಾ ಬಿಸಿಯಾಗಿರುವ ರೂಟರಿನ ಮೇಲೆ ವಿಭೂತಿ ಇಷ್ಟು ಕಾಲ ಉದುರದೆ ಇರುತ್ತದೆಯೇ? ಯಾರೋ ಮತ್ತೆ ಎಳೆದಿದ್ದರು. ಅವ್ವನ ಕಣ್ಣಿಗೆ ಪೊರೆ ಬಂದಿದೆ. ಅವಳಿಗೆ ಬಿಳುಪು ಕಂಡರೆ ಸಾಕು.

"ಐತಾ?" ಎಂದಳು.

"ಐತವ್ವ," ಎಂದು ಅದನ್ನು ಗೂಡಿನಲ್ಲೇ ಇಟ್ಟೆ.

ಅಣ್ಣ ನನ್ನ ಮುಖ ನೋಡಲಿಲ್ಲ. ಹೊಸ ಡಬ್ಬವನ್ನು ಬಿಚ್ಚದೆ ಮಂಚದ ಕೆಳಗೆ ತಳ್ಳಿ, ಮಗ್ಗದ ಗುಂಡಿಗೆ ಇಳಿದ. ಅವ್ವ ಹಿತ್ತಲಿಗೆ ಹೋಗುವುದನ್ನೇ ಕಾದು, ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು ಮೆಲ್ಲಗೆ ಕೇಳಿದೆ:

"ಅಣ್ಣಾ, ಅಪ್ಪ ಎಳ್ದಿದ್ದು ಯಾವಾಗ ಅಳಿಸಿ ಹೋತು?"

ಅವನು ಲಾಳಿ ಎಸೆಯುತ್ತಲೇ ಇದ್ದ.