ಒಂದು ಪೆಟ್ಟಿಗೆ, ಐದು ಮಷೀನು

ಈ ವರ್ಷದ ದಸರೆಯಲ್ಲಿ ಖಂಡೇಪೂಜೆಯ ಮರುದಿನ ಬೆಳಗ್ಗೆ ಹುಮನಾಬಾದಿನ ನಮ್ಮ ಪತ್ರಿಕಾ ಕಚೇರಿಯ ಸರ್ವರ್ ಏಳಲಿಲ್ಲ. ಕೋಣೆಯ ಬಾಗಿಲು ತೆಗೆದಾಗ ಊದಿನಕಡ್ಡಿಯ ವಾಸನೆ ಇನ್ನೂ ಅಲ್ಲೇ ಇತ್ತು. ಪೆಟ್ಟಿಗೆಯ ಮೇಲೆ ಒಣಗಿದ ಕುಂಕುಮ. ಆ ವಾಸನೆಗೆ ಮೊದಲು ನೆನಪಾದದ್ದು ಸರ್ವರ್ ಸಾಹೇಬರ ಬೈಗುಳ.

ನಾವೆಲ್ಲ ಅವರನ್ನು ಕರೆಯುತ್ತಿದ್ದುದು ಹಾಗೆಯೇ. ವಾರಕ್ಕೊಮ್ಮೆ ಬಸವಕಲ್ಯಾಣದಿಂದ ಬಸ್ಸಿನಲ್ಲಿ ಬರುತ್ತಿದ್ದರು. ನಮ್ಮ ಐದು ಹಳೆ ಕಂಪ್ಯೂಟರುಗಳ ಕೆಲಸವನ್ನು ಒಂದೇ ಪೆಟ್ಟಿಗೆಯೊಳಗೆ ಇಳಿಸಿದವರು ಅವರು. ಪುಟ ಕಟ್ಟಲು ಒಂದು ಮಷೀನು, ಜಾಹೀರಾತಿಗೆ ಒಂದು, ಹಳೆಯ ಪುಟಗಳನ್ನು ಕಾಯ್ದಿಡಲು ಒಂದು... ಯಾವುದಕ್ಕೂ ಮೈ ಇರಲಿಲ್ಲ, ಎಲ್ಲವೂ ಒಳಗೇ ನಡೆಯುತ್ತಿದ್ದವು. ಇನ್ನು ಹಳೆಯ ಪುಟಗಳು ಭದ್ರ ಎಂದುಕೊಂಡು, ಮುದ್ರಿತ ಸಂಚಿಕೆಗಳನ್ನು ಕಟ್ಟಿಡುವುದನ್ನು ಸಂಪಾದಕನಾದ ನಾನೇ ನಿಲ್ಲಿಸಿದೆ. ಇದ್ದ ಕಟ್ಟುಗಳನ್ನೂ ರದ್ದಿಗೆ ಹಾಕಿಸಿದೆ.

ಪೆಟ್ಟಿಗೆ ಬಂದ ಮೇಲಿನ ಮೊದಲ ದಸರೆಗೆ ರೂಢಿಯಂತೆ ಮೇನ್ ಸ್ವಿಚ್ ಎಳೆದು, ಪೆಟ್ಟಿಗೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ಪೂಜೆ ಮಾಡಿದೆವು. ಮರುದಿನ ಸಾಹೇಬರು ಬಂದು ತಲೆ ಹಿಡಿದು ಕೂತರು.

"ಪೆಟ್ಟಿಗಿ ಒಂದೇ ಕಾಣತದ್ರಿ, ಒಳಗ ಐದು ಮಷೀನ್ ನಡ್ಯಾಕತ್ತಿರ್ತಾವ. ಒಂದೊಂದೇ ಮಲಗಿಸಿ ಆಮ್ಯಾಲೆ ಕರೆಂಟ್ ತೆಗೀರಿ ಅಂತ ಎಷ್ಟ್ ಸಲ ಹೇಳ್ಬೇಕ್ರಿ?"

ಪುಟ ಕಟ್ಟುವವನು ನಕ್ಕ. "ಕಾಣಲಾರದ ಮಷೀನಿಗೆ ಕುಂಕುಮ ಎಲ್ಲಿ ಹಚ್ಚೋದ್ರಿ ಸಾಹೇಬ್ರ?"

"ನನ್ನ ಹಣಿಗೇ ಹಚ್ಚಪಾ. ಅದಾದ್ರೂ ನಿನಗ ಕಾಣತದ."

ಸಂಜೆಯವರೆಗೆ ಕೂತು ಐದನ್ನೂ ಎಬ್ಬಿಸಿದರು. ಹಳೆಯ ಪುಟಗಳ ಮಷೀನು ಕೊನೆಗೆ ಎದ್ದಿತು. ಅದರ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ, ಬೇರೆ ಕಟ್ಟಡದಲ್ಲಿ ಇರಲೇಬೇಕು ಎಂದರು. ಸ್ನ್ಯಾಪ್‌ಶಾಟ್ ತೆಗೆದಿದ್ದೀರಲ್ಲ ಎಂದೆ. ಮಷೀನಿನ ಆ ಗಳಿಗೆಯ ಸ್ಥಿತಿಯನ್ನು ಹಿಡಿದಿಡುವುದಕ್ಕೆ ಅವರು ಹಾಗೆನ್ನುತ್ತಿದ್ದರು.

"ಅದೂ ಇದೇ ಪೆಟ್ಟಿಗ್ಯಾಗ ಅದರಿ ಸಾಬ್. ಮನಿ ಬಿದ್ರ ಗ್ವಾಡಿ ಮ್ಯಾಲಿನ ಫೋಟೊ ಉಳೀತದೇನ್ರಿ?"

ದೀಪಾವಳಿ ಆಗಲಿ ಎಂದೆ. ಆಮೇಲೆ ಯುಗಾದಿ ಆಗಲಿ ಎಂದೆ... ವಾರ ವಾರವೂ ಅದೇ ಮಾತು, ಅದೇ ದನಿ. ನನಗೂ ರೋಸಿ ಹೋಗಿತ್ತು. ಅವರ ಬಸ್ಸು ಬರುವ ಹೊತ್ತಿಗೆ ಕಬ್ಬಿನ ಸುದ್ದಿಯಿದೆ ಎಂದು ಹಳ್ಳಿಖೇಡಕ್ಕೆ ಹೊರಟುಬಿಡುತ್ತಿದ್ದೆ. ತಿರುಗಿ ಬಂದರೆ ಮೇಜಿನ ಮೇಲೆ ಅವರ ಚೀಟಿ ಇರುತ್ತಿತ್ತು: "ಡಿಸ್ಕ್?"

ಕಳೆದ ಬೇಸಿಗೆಯಲ್ಲಿ ಅವರು ತೀರಿಕೊಂಡರು. ಒಳಪುಟದಲ್ಲಿ ನಾಲ್ಕು ಸಾಲು ಹಾಕಿದೆವು. ಡಿಸ್ಕು ಕೊಳ್ಳಲಿಲ್ಲ.

ಈ ಸಲ ಮೇನ್ ಸ್ವಿಚ್ ಎಳೆದವನು ನಾನೇ. ಯಾವ ಮಷೀನನ್ನು ಮೊದಲು ಮಲಗಿಸಬೇಕು, ಯಾವುದನ್ನು ಆಮೇಲೆ ಎಂದು ಅವರು ಬರೆದ ಹಾಳೆ ಸ್ವಿಚ್ಚಿನ ಪಕ್ಕದಲ್ಲೇ ಅಂಟಿಕೊಂಡಿತ್ತು. ಮರುದಿನ ಬೈಯಲು ಯಾರೂ ಬರಲಿಲ್ಲ. ಬೀದರಿನಿಂದ ಕರೆಸಿದ ಇಂಜಿನಿಯರ್ ಪೆಟ್ಟಿಗೆ ಬಿಚ್ಚಿ ನೋಡಿ, ಮೊದಲು ಕೇಳಿದ್ದು ಇಷ್ಟೇ: "ಎರಡನೇ ಕಾಪಿ ಎಲ್ಲಿಟ್ಟೀರ್ರಿ?"

ಇದನ್ನು ಬರೆಯುವ ಹೊತ್ತಿಗೆ ನಾಲ್ಕು ಮಷೀನುಗಳು ಎದ್ದಿವೆ. ಹಳೆಯ ಪುಟಗಳದ್ದು ಎದ್ದಿಲ್ಲ.