ಸದಾಶಿವಣ್ಣನ ರಜೆ ತಪ್ಪಿಸಿದವನು ನಾನು

ಮನಸ್ಸು ದಣಿದವನಿಗೆ ರಜೆ ಇಲ್ಲ ಎನ್ನುವುದು ಅನ್ಯಾಯ ಗೆಳೆಯರೇ. ಆದರೆ ಇವತ್ತು ಆ ಅನ್ಯಾಯಕ್ಕೆ ದಾರಿಯಾದದ್ದು ನನ್ನ ಬಾಯಿ.

ಮುಂಬಯಿಯ ಸಯನ್‌ನಲ್ಲಿ ನಾನೂ ದುಡಿಯುವ ನಮ್ಮ ಹೋಟೆಲಿನಲ್ಲಿ ದೋಸೆ ಹೊಯ್ಯುವ ಸದಾಶಿವಣ್ಣನಿಗೆ ಒಂದು ತಿಂಗಳಿಂದ ಹೊಟ್ಟೆನೋವು. ಹೊಟ್ಟೆ ಸರಿಯಿಲ್ಲದವರನ್ನು ಅಡುಗೆಮನೆಗೆ ಬಿಡುವುದಿಲ್ಲ ಎಂಬುದು ನಮ್ಮಲ್ಲಿ ಕಟ್ಟುನಿಟ್ಟು. ಹಾಗಾಗಿ ನಾಲ್ಕು ದಿನ ರಜೆ ಸಿಕ್ಕಿತ್ತು. ಎರಡನೆಯ ದಿನವಾದ ಇವತ್ತು ಬೆಳಿಗ್ಗೆ ನಾನೇ ಅವರನ್ನು ಡಾಕ್ಟರ ಹತ್ತಿರ ಕರೆದೊಯ್ದೆ. ಹೊಟ್ಟೆಯಲ್ಲಿ ದೋಷವಿಲ್ಲ, ಬಿಡುವಿಲ್ಲದ ದುಡಿತ ಮತ್ತು ಚಿಂತೆಯೇ ನೋವಾಗಿದೆ ಎಂದರು ಡಾಕ್ಟರು. ಕಾರ್ಮಿಕ ಸಂಘದ ಕರಪತ್ರಗಳಲ್ಲಿ ನಾನು ಓದಿದ್ದೂ ಇದನ್ನೇ! ಓಡಿಬಂದು ದುಡ್ಡಿನ ಗಲ್ಲೆಯಲ್ಲಿ ಕುಳಿತಿದ್ದ ಧಣಿಗೆ ಎಲ್ಲರೆದುರು ಹೇಳಿಬಿಟ್ಟೆ.

“ಅಂದ್ರೆ ಹೊಟ್ಟೆಗೆ ಎಂತದೂ ಇಲ್ಲ ಅಲ್ವಾ?” ಎಂದರು ಧಣಿ. “ಹಾಗಾದ್ರೆ ನಾಳೆಯಿಂದ ತವಾದ ಎದುರು ನಿಲ್ಲಲಿ. ಚಿಂತೆಗೆ ರಜೆ ಕೊಡುವುದಾದ್ರೆ ಮೊದಲು ನಾನೇ ಮನೆಗೆ ಹೋಗ್ಬೇಕು ಮಾರಾಯ.”

ನನ್ನ ಹಿಂದೆಯೇ ಬಂದಿದ್ದ ಸದಾಶಿವಣ್ಣ ಹೊಟ್ಟೆ ಹಿಡಿದುಕೊಂಡೇ ನನ್ನತ್ತ ತಿರುಗಿದರು. “ನಿನ್ನತ್ರ ಯಾರು ಕೇಳಿದ್ರು? ಇನ್ನೆರಡು ದಿನ ಮಲಗ್ತಿದ್ದೆ. ಈಗ ರಜೆಯೂ ಹೋಯ್ತು, ತಲೆ ಸರಿ ಇಲ್ಲ ಅಂತ ಹೆಸರೂ ಬಂತು.”

ನಾನು ಹೇಳಿದ್ದು ಸತ್ಯ. ಅದರಿಂದ ಗೆದ್ದದ್ದು ಧಣಿ. ಇದು ಹೇಗಾಯಿತೆಂದು ಇನ್ನೂ ಅರ್ಥವಾಗುತ್ತಿಲ್ಲ. ಅರ್ಥವಾದವರು ಈ ಭಾನುವಾರ ಸಂಜೆ ನಾಲ್ಕು ಗಂಟೆಗೆ ಸಯನ್ ಸ್ಟೇಷನ್ನಿನ ಹೊರಗೆ ಬನ್ನಿ, ಮಾತಾಡೋಣ. ಸದಾಶಿವಣ್ಣ ಬರುವುದಿಲ್ಲ, ಡ್ಯೂಟಿಯಲ್ಲಿರುತ್ತಾರೆ.