ಮಲಗಿ ಬಂದ ಫ್ರಿಜ್ಜು

ಫ್ರಿಜ್ಜನ್ನು ಒಂದೂರಿನಿಂದ ಇನ್ನೊಂದೂರಿಗೆ ಸಾಗಿಸುವುದು ಹೇಗೆಂದು ನನ್ನನ್ನು ಕೇಳಿ, ಹೇಳುತ್ತೇನೆ. ಒಳಗಿರುವುದನ್ನೆಲ್ಲ ತೆಗೆಯಬೇಕು. ಗಾಜಿನ ತಟ್ಟೆಗಳನ್ನು ಬೇರೆಯಾಗಿ ಬಟ್ಟೆಯಲ್ಲಿ ಸುತ್ತಬೇಕು. ಬಾಗಿಲು ತೆರೆದುಕೊಳ್ಳದಂತೆ ಕಟ್ಟಿ, ಹಗ್ಗ ತಾಗುವ ಕಡೆ ಹಳೆಯ ಕಂಬಳಿ ಇಡಬೇಕು. ನಿಲ್ಲಿಸಿಯೇ ಒಯ್ಯಬೇಕು. ತಂದ ಮೇಲೆ ಕೆಲವು ಗಂಟೆ ಅದರ ಪಾಡಿಗೆ ಅದನ್ನು ಬಿಟ್ಟು ಆಮೇಲೆ ಕರೆಂಟು ಕೊಡಬೇಕು. ಒಂದು ಫ್ರಿಜ್ಜು ಕೆಡಿಸಿ ಇಷ್ಟನ್ನೂ ಕಲಿತೆ ಎಂದರೆ ಅದು ಸುಳ್ಳು. ಕೆಡಿಸುವ ಮೊದಲೇ ನನಗೆ ಇದೆಲ್ಲ ಗೊತ್ತಿತ್ತು.

ನಮ್ಮದು ತಾಳವಾಡಿ ಬೆಟ್ಟದ ಮೇಲೆ, ದೊಡ್ಡಗಾಜನೂರಿಗೆ ಹತ್ತಿರದ ಒಂದು ಹಳ್ಳಿ. ಮಾಗಿಯ ಬೆಳಿಗ್ಗೆ ಹಲ್ಲು ಕಟಕಟ ಎನ್ನುವ ಜಾಗ. ಇಂಥ ಕಡೆ ಫ್ರಿಜ್ಜು ಕೊಳ್ಳುತ್ತೇನೆಂದಾಗ ಪಕ್ಕದ ಮನೆಯ ಮಾದಪ್ಪ, "ಚಳಿನೂ ದುಡ್ಡು ಕೊಟ್ಟು ತತ್ತೀಯಾ ಸಿದ್ದಣ್ಣ? ಮಡಕನ ಜಗುಲಿ ಮ್ಯಾಲ ಮಡಗು, ಸಾಕು ಕಣ" ಎಂದು ಬೀದಿಗೆಲ್ಲ ಕೇಳುವಂತೆ ನಕ್ಕ. ನಮ್ಮಾಕೆಗೆ ದೋಸೆ ಹಿಟ್ಟು ಎರಡು ದಿನ ಹುಳಿಯದೆ ಉಳಿಯಬೇಕಿತ್ತು. ನನಗೆ ಮಾದಪ್ಪನ ಮನೆಯಲ್ಲಿ ಇಲ್ಲದ್ದೊಂದು ನಮ್ಮ ಮನೆಯಲ್ಲಿ ಇರಬೇಕಿತ್ತು. ಎರಡು ಆಸೆಯಲ್ಲಿ ಯಾವುದು ಬೇಗ ಹುಳಿಯುವಂಥದ್ದು ಎಂದು ಆಗ ಯೋಚಿಸಲಿಲ್ಲ.

ಸತ್ಯಮಂಗಲದ ಅಂಗಡಿಯವನು ಒಳ್ಳೆಯವನು. "ಪಡುಕ್ಕ ಪೋಡಾದೀಂಗ ಅಯ್ಯಾ" ಎಂದು ಎರಡು ಸಲ ಹೇಳಿದ. ಮಲಗಿಸಬೇಡಿ, ಮಲಗಿಸಿದರೆ ಹಿಂದಿನ ಕಂಪ್ರೆಸರಿನ ಎಣ್ಣೆ ಕೊಳವೆಗೆ ಹರಿದುಬಿಡುತ್ತದೆ, ಎಂದು. ತಮಿಳು ನನಗೆ ಮನೆಮಾತಿನಷ್ಟೇ ಬರುತ್ತದೆ. ಸಾಲದ್ದಕ್ಕೆ ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಪಾತ್ರೆ ಓರೆಯಾದರೆ ಒಳಗಿನದು ಹರಿಯುತ್ತದೆಂದು ಪುಸ್ತಕದಲ್ಲಿ ಓದಿದವನು. ಎಲ್ಲ ತಿಳಿದವನಂತೆ ತಲೆಯಾಡಿಸಿದೆ. ಪಕ್ಕದಲ್ಲಿ ನಿಂತಿದ್ದ ಜಡೆಯನೂ ಕೇಳಿಸಿಕೊಂಡ. ಅವನು ತಲೆಯಾಡಿಸಲಿಲ್ಲ, ನೆನಪಿಟ್ಟುಕೊಂಡ.

ಜಡೆಯ ತಾಳಮಲೆ ಕಡೆಯ ಸೋಲಿಗರವನು. ನಮ್ಮ ಹೊಲಗಳ ಎಲೆಕೋಸಿನ ಮೂಟೆಗಳನ್ನು ಲಾರಿಗೆ ಏರಿಸುವುದು ಅವನ ಕೆಲಸ. ಅದಕ್ಕಿಂತ ಹೆಚ್ಚಾಗಿ, ಮನೆ ಬದಲಾಯಿಸುವವರು, ಮದುವೆಗೆ ಬೀರು ತರಿಸುವವರು ಅವನನ್ನೇ ಹುಡುಕಿಕೊಂಡು ಹೋಗುತ್ತಿದ್ದರು. ಬಂಡೆಯ ಮೇಲಿಂದ ತುಂಬಿದ ಜೇನನ್ನು ತುಳುಕದಂತೆ ಇಳಿಸಿ ಪಳಗಿದ ಕೈ. 'ಜಡೆಯ ಎತ್ತುದ್ರ ಮೊಟ್ಟನೂ ಒಡೆಯಲ್ಲ' ಎಂದು ನಮ್ಮ ಹೆಂಗಸರು ಹೇಳುತ್ತಿದ್ದರು. ಹೊಲವಿಲ್ಲದ ಅವನಿಗೆ ಆ ಮಾತೇ ಹೊಲ.

ತರಕಾರಿ ಇಳಿಸಿ ಬರಿದಾಗಿ ಬೆಟ್ಟ ಹತ್ತುವ ಲಾರಿಯಲ್ಲಿ ಸಾಮಾನು ತರುವುದು ನಮ್ಮ ಕಡೆಯ ಪದ್ಧತಿ. ನಾನು ಮುಂದೆ ಸತ್ಯಮಂಗಲದ ಡ್ರೈವರಿನ ಪಕ್ಕ ಕೂತೆ. ಹಿಂದೆ ಜಡೆಯ ಫ್ರಿಜ್ಜನ್ನು ಹಗ್ಗದಲ್ಲಿ ಬಿಗಿದು, ಸಾಲದೆಂದು ಎರಡು ಕೈಯಲ್ಲೂ ತಬ್ಬಿ ನಿಂತ. ದಿಂಬಂ ಘಟ್ಟಕ್ಕೆ ಇಪ್ಪತ್ತೇಳು ತಿರುವು. ಪ್ರತಿ ತಿರುವಿಗೂ ಫ್ರಿಜ್ಜು ಒಂದು ಕಡೆ ವಾಲುತ್ತಿತ್ತು, ಜಡೆಯ ಇನ್ನೊಂದು ಕಡೆ ವಾಲುತ್ತಿದ್ದ. ಹಿಂದಿನ ಕಿಂಡಿಯಿಂದ ನೋಡಿದರೆ ಇಬ್ಬರೂ ಕುಸ್ತಿ ಆಡುತ್ತಿದ್ದಂತೆ ಕಾಣುತ್ತಿತ್ತು. ನಾನು ನೋಡುತ್ತಿದ್ದದ್ದು ಜಡೆಯನನ್ನಲ್ಲ, ಬಾಗಿಲಿನ ಹೊಳಪನ್ನು. ಒಂದು ಗೀರು ಬಿದ್ದರೂ ಮಾದಪ್ಪನ ಕಣ್ಣಿಗೆ ಮೊದಲು ಬೀಳುವುದು ಅದೇ.

ನಮ್ಮ ಜನ ಸಾಗಿಸುವ ವಿದ್ಯೆಯನ್ನು ಕಲಿತದ್ದು ಎತ್ತಿನ ಗಾಡಿಯಿಂದ. ಮಲಗಿದ್ದು ಬೀಳುವುದಿಲ್ಲ, ಇದು ಗಾಡಿಯ ವೇದಾಂತ. ಬಾಗಿಲು, ತೊಲೆ, ಮಂಚ, ಬೀರು, ಆಸ್ಪತ್ರೆಗೆ ಹೋಗುವ ಮನುಷ್ಯ, ಎಲ್ಲವನ್ನೂ ಹುಲ್ಲಿನ ಮೇಲೆ ಮಲಗಿಸಿಯೇ ಸಾಗಿಸಿದ್ದೇವೆ. ನಿಲ್ಲಿಸಿ ಹೊರುವುದು ದೇವರನ್ನು ಮಾತ್ರ. ಫ್ರಿಜ್ಜನ್ನು ದೇವರ ಸಾಲಿಗೆ ಸೇರಿಸಬೇಕೆಂದು ತಲೆಗೆ ತಿಳಿದಿತ್ತು, ತಲೆಮಾರಿನ ಅಭ್ಯಾಸಕ್ಕೆ ತಿಳಿದಿರಲಿಲ್ಲ. ಎದುರಿನ ಲಾರಿಗೆ ದಾರಿ ಬಿಡಲು ಒಂದು ತಿರುವಿನಲ್ಲಿ ನಿಂತಾಗ ನಾನು ಇಳಿದು ಹಿಂದೆ ಹೋಗಿ, ಗೋಣಿಚೀಲ ಹಾಸಿ ಅದನ್ನು ಮಲಗಿಸು ಎಂದೆ.

"ಬುದ್ಧಿ, ಅಂಗಡಿಯವ್ರು ನಿಲ್ಸೇ ಇರ್ಲಿ ಅಂದ್ರಲ್ಲ?"

"ನೀನೇನು ಕಂಪ್ನಿಯವ್ನೇನ್ಲಾ? ಮಲಗ್ಸು ಅಂದ್ರ ಮಲಗ್ಸು."

ಮಲಗಿಸಿದ. ಹಾಸನೂರು ದಾಟಿ, ಕಾಡು ದಾಟಿ, ಫ್ರಿಜ್ಜು ಬಾಣಂತಿಯ ಹಾಗೆ ಮಲಗಿಕೊಂಡು ಊರಿಗೆ ಬಂತು. ಒಂದು ಗೀರೂ ಇರಲಿಲ್ಲ.

ಮನೆ ಮುಟ್ಟಿದಾಗ ಒಂದು ಗಂಟೆ ಆಗಿತ್ತು. ಗುರುವಾರ, ಒಂದೂವರೆಗೆ ರಾಹುಕಾಲ. ಹೊಸ ಒಲೆಯ ಮೇಲೆ ಒಳ್ಳೆಯ ಗಳಿಗೆಯಲ್ಲಿ ಹಾಲುಕ್ಕಿಸುವಂತೆ ಹೊಸ ಫ್ರಿಜ್ಜಿಗೂ ಒಳ್ಳೆಯ ಗಳಿಗೆಯಲ್ಲೇ ಕರೆಂಟು ಕೊಡಬೇಕೆಂದು ನಮ್ಮಾಕೆ ಆರತಿ ಹಿಡಿದು ನಿಂತಿದ್ದಳು. ಅರಿಶಿನ ಕುಂಕುಮ ಇಟ್ಟು, ಒಂದು ಲೋಟ ಹಾಲು ಒಳಗಿಟ್ಟು, ಒಂದೂ ಇಪ್ಪತ್ತಕ್ಕೆ ನಾನೇ ಸ್ವಿಚ್ಚು ಒತ್ತಿದೆ. ಅದು ಗರಗರ ಎಂದಿತು, ಕೆಮ್ಮಿತು, ನಡುಗಿತು. ಸಂಜೆಯ ಹೊತ್ತಿಗೆ ಒಳಗಿಟ್ಟ ಹಾಲು ಒಡೆದಿತ್ತು.

ನಾಲ್ಕು ದಿನದ ಮೇಲೆ ಮೆಕ್ಯಾನಿಕ್ಕು ಬಂದ. ಹಿಂಬದಿ ಬಿಚ್ಚಿ, ಕಿವಿಗೊಟ್ಟು, "ಮಲಗಿಸಿ ತಂದಿರಾ?" ಎಂದು ಕೇಳಿದ. ನಡುಮನೆಯಲ್ಲಿ ನಮ್ಮಾಕೆ ಇದ್ದಳು, ಮಾದಪ್ಪ ಇದ್ದ, ಅರ್ಧ ಬೀದಿ ಇತ್ತು. ಕೋಸು ಏರಿಸಲು ಬಂದಿದ್ದ ಜಡೆಯ ಬಾಗಿಲ ಹೊರಗೆ ನಿಂತಿದ್ದ. ನನ್ನ ಬಾಯಿ ನನ್ನನ್ನು ಕೇಳಲಿಲ್ಲ.

"ನಾನು ಮುಂದ ಕೂತಿದ್ದೆ. ಹಿಂದ ಇವ್ನು ಏನು ಮಾಡ್ದನೋ!"

ಎಲ್ಲರೂ ಜಡೆಯನ ಕಡೆ ತಿರುಗಿದರು. ಅವನು ನನ್ನನ್ನು ನೋಡಿದ. ಸಿಟ್ಟಿನಿಂದಲ್ಲ, ಹಗ್ಗ ಎಲ್ಲಿ ಸಡಿಲವಾಯಿತೆಂದು ನೋಡುವಂತೆ. ಆಮೇಲೆ ಹೊಲದ ಕಡೆ ಹೋದ. ಡ್ರೈವರು ಸತ್ಯಮಂಗಲದವನು, ಅವನನ್ನು ಯಾರೂ ಕೇಳಲಿಲ್ಲ. ಕಂಪ್ರೆಸರು ಬದಲಾಯಿಸಿದ ಮೇಲೆ ಫ್ರಿಜ್ಜು ಸರಿಹೋಯಿತು. ಈಗಲೂ ಓಡುತ್ತಿದೆ. ಸುಳ್ಳೂ ಓಡಿತು. 'ಫ್ರಿಜ್ಜು ಕೆಡುಸ್ದ ಜಡೆಯ' ಎಂಬುದು ಅವನ ಹೆಸರಾಯಿತು. ಕೋಸಿನ ಮೂಟೆಗೆ ಕರೆಯುತ್ತಿದ್ದರು, ಮನೆಯ ಸಾಮಾನಿಗೆ ಕರೆಯುವುದು ನಿಂತುಹೋಯಿತು. ಆರು ವರ್ಷ.

ಆ ಆರು ವರ್ಷ ನಾನು ನಿದ್ದೆಗೆಟ್ಟೆ ಎಂದು ಬರೆಯಬಹುದು, ಓದುವವರಿಗೆ ಸಮಾಧಾನವಾದೀತು. ಆದರೆ ಚೆನ್ನಾಗಿಯೇ ನಿದ್ದೆ ಮಾಡಿದೆ. ಜಡೆಯ ಎದುರಿಗೆ ಬಂದಾಗ ಮಾತ್ರ ಹಬ್ಬಕ್ಕೆ ಬೆಲ್ಲ, ಹಳೆಯ ಪಂಚೆ, ಏನಾದರೊಂದು ಕೊಡುತ್ತಿದ್ದೆ. ಅವನು ತೆಗೆದುಕೊಳ್ಳುತ್ತಿದ್ದ. ಕೊಡಬೇಕಾದದ್ದು ಬಿಟ್ಟು ಉಳಿದದ್ದನ್ನೆಲ್ಲ ಕೊಡುವುದರಲ್ಲಿ ನಮ್ಮಂಥವರು ಧಾರಾಳಿಗಳು.

ಹೋದ ತಿಂಗಳು ಮಾದಪ್ಪನ ಮಗಳು ತಾಳವಾಡಿಯ ಬಾಡಿಗೆ ಮನೆ ಬಿಟ್ಟು ಊರಿಗೆ ಬರುವುದೆಂದಾಯಿತು. ಅವಳ ಫ್ರಿಜ್ಜು ಬರಬೇಕು. ಟೀ ಅಂಗಡಿಯಲ್ಲಿ ಯಾರೋ ಜಡೆಯನ ಹೆಸರೆತ್ತಿದರು. "ಅವ್ನ ಕೈಗ ಕೊಟ್ಟು ಸಿದ್ದಣ್ಣನಂಗ ಆಗಕಾ?" ಎಂದ ಮಾದಪ್ಪ. ನನಗೆ ವಯಸ್ಸು ಎಪ್ಪತ್ತಾಗಿದೆ. ಅಂದು ಏಕೋ ಹೇಳಿಬಿಟ್ಟೆ. ಮಲಗಿಸು ಅಂದವನು ನಾನು, ಅವನು ಬೇಡ ಅಂದ, ಎಂದೆ.

ಮಾದಪ್ಪ ನನ್ನ ಬೆನ್ನು ತಟ್ಟಿದ. "ಅಬ್ಬಾ, ಇದು ಕಣ್ರಪ್ಪ ದೊಡ್ಡ ಮನಸು! ಅವ್ನ ತಪ್ನ ತನ್ನ ತಲ ಮ್ಯಾಲ ಆಕ್ಕತನೆ ನೋಡಿ!" ಎಂದ. ಎಲ್ಲರೂ ಹೌದೆಂದರು. ನನ್ನ ಟೀಗೆ ಯಾರೋ ದುಡ್ಡು ಕೊಟ್ಟರು. ಸುಳ್ಳು ಹೇಳಿದಾಗ ಒಂದು ಸಲ ಗೆದ್ದಿದ್ದೆ, ನಿಜ ಹೇಳಿ ಎರಡನೆಯ ಸಲ ಗೆದ್ದೆ. ಜಡೆಯ ಎರಡು ಸಲವೂ ಸೋತ.

ಮರುದಿನ ಬಸ್ಸು ಹಿಡಿದು ತಾಳಮಲೆಗೆ ಹೋದೆ. ಜಡೆಯ ಗುಡಿಸಿಲ ಮುಂದೆ ಕೂಲಿಗೆ ಬಂದ ರಾಗಿ ಒಣಗಿಸುತ್ತಿದ್ದ. ನಡೆದದ್ದನ್ನೆಲ್ಲ ಹೇಳಿದೆ, ಅಂಗಡಿಯಲ್ಲಿ ಯಾರೂ ನಂಬಲಿಲ್ಲ ಎಂಬುದನ್ನೂ ಹೇಳಿದೆ. ಅವನು ನಕ್ಕ.

"ನೀವು ಯೋಳುದ್ರೇ ನಂಬನಿಲ್ಲ. ಅವತ್ತು ನಾನು ಯೋಳಿದ್ರ ನಂಬ್ತಿದ್ರಾ ಬುದ್ಧಿ? ಅದ್ಕೇ ಸುಮ್ನಿದ್ದೆ."

ಕ್ಷಮಿಸು ಎನ್ನಲು ಬಾಯಿ ತೆರೆದೆ. ಅವನೇ ಮುಂದುವರಿಸಿದ. "ಸುಳ್ಳ ನಾನು ಇದ್ದಾಗ ಯೋಳುದ್ರಿ. ನಿಜವ ನಾನು ಇಲ್ದಾಗ ಯೋಳುದ್ರಿ. ಅದ್ಯಾವ ನ್ಯಾಯ?"

ಎಸ್ಸೆಸ್ಸೆಲ್ಸಿ ಪಾಸಾದವನಿಗೆ ಇದು ಹೊಳೆದಿರಲಿಲ್ಲ.

ಸಂತೆಯ ದಿನ ಇಬ್ಬರೂ ಒಟ್ಟಿಗೆ ಟೀ ಅಂಗಡಿಗೆ ಹೋದೆವು. ಅವನು ಹೊರಗೆ ನಿಲ್ಲಲು ಹೋದ, ಕೈ ಹಿಡಿದು ಬೆಂಚಿನ ಮೇಲೆ ಕೂರಿಸಿಕೊಂಡೆ. ಮತ್ತೆ ಹೇಳಿದೆ. ಈ ಸಲ ಯಾವ ತಿರುವು, ಎಷ್ಟು ಗೋಣಿಚೀಲ, ಅವನು ಏನಂದ, ನಾನು ಏನಂದೆ, 'ಲಾ' ಎಂದದ್ದೂ ಸೇರಿ ಎಲ್ಲವನ್ನೂ ಹೇಳಿದೆ. ಹೇಳುತ್ತ ಹೋದಂತೆ ನನ್ನ ದೊಡ್ಡ ಮನಸು ಕರಗಿ, ಒಳಗಿದ್ದ ಸಣ್ಣ ಮನುಷ್ಯ ಎಲ್ಲರಿಗೂ ಕಂಡಿರಬೇಕು. ಬೆನ್ನು ತಟ್ಟಲು ಯಾರ ಕೈಯೂ ಬರಲಿಲ್ಲ. ಮಾದಪ್ಪ ನನ್ನನ್ನು ಬಿಟ್ಟು ಜಡೆಯನ ಕಡೆ ತಿರುಗಿದ.

"ಊಂ ಏನ್ಲಾ? ಇವ್ರು ಯೋಳದು ನಿಜವಾ?"

"ಊಂ ಬುದ್ಧಿ."

ಆರು ವರ್ಷದಲ್ಲಿ ಅವನನ್ನು ಯಾರಾದರೂ ಕೇಳಿದ್ದು ಅದೇ ಮೊದಲು. ಮಾದಪ್ಪ ನೆಲ ನೋಡಿದ, ಮೀಸೆ ಒರೆಸಿಕೊಂಡ, ಕೊನೆಗೆ, "ಅಂಗಾರ ನಾಳ ನಮ್ಮ ಮಗಳ ಮನ ಸಾಮಾನು ಎತ್ಬೇಕಲ್ಲ, ಬತ್ತೀಯಾ?" ಎಂದ.

ಜಡೆಯ ಟೀಯನ್ನು ಊದಿ ಊದಿ ಒಂದು ಗುಟುಕು ಕುಡಿದ. "ನಾಳ ಆಗಲ್ಲ ಬುದ್ಧಿ. ರಾಗಿ ಒಣಾಕಿವ್ನಿ. ನಾಡಿದ್ದು ನೋಡ್ಮ."

"ಆಗ್ಲಿ ಕಣಪ್ಪ," ಎಂದ ಮಾದಪ್ಪ, "ನಾಡಿದ್ದೇ ಬಾ."

'ರಾಗಿ ಎಲ್ಲಿಗೆ ಹೋಗುತ್ತದೆ, ನಾಳೆಯೇ ಬಂದುಬಿಡು' ಎಂಬ ಮಾತು ನನ್ನ ನಾಲಗೆಯ ತುದಿಗೆ ಬಂದಿತ್ತು. ಟೀ ಇನ್ನೂ ಸುಡುತ್ತಿತ್ತು. ಒಂದು ದೊಡ್ಡ ಗುಟುಕು ಬಾಯಿಗೆ ಹಾಕಿಕೊಂಡು ಸುಮ್ಮನೆ ಕೂತೆ.